ಗೋಲು ಬಿದ್ದಾಗ ಒಲೆಯ ಮುಂದೆ ಯಾರಿದ್ದರು?

2022ರ ಡಿಸೆಂಬರ್ 18ರ ರಾತ್ರಿ, ಹತ್ತೂಕಾಲರ ಹೊತ್ತು. ಕೊಡಗಿನ ಅಮ್ಮತ್ತಿ ಕಡೆಯ ನಮ್ಮ ತೋಟದ ಮನೆಯ ಹಜಾರದಲ್ಲಿ ಹನ್ನೊಂದು ಮಂದಿ ಟಿವಿಯ ಮುಂದೆ ಕೂತಿದ್ದೆವು. ಹನ್ನೆರಡನೆಯವರಾದ ಅತ್ತಿಗೆ ಅಡುಗೆಮನೆಯಲ್ಲಿ ಅಕ್ಕಿ ಒಟ್ಟಿ ಬೇಯಿಸುತ್ತಿದ್ದರು. ಲುಸೈಲ್ ಮೈದಾನದಲ್ಲಿ ಅರ್ಜೆಂಟೀನಾ 2–0 ಮುಂದಿತ್ತು. ಇನ್ನು ಹತ್ತು ನಿಮಿಷ, ಮುಗಿದ ಕೂಡಲೇ ಊಟಕ್ಕೆ ಕೂರೋಣ ಅಂತ ಒಳಗೆ ಕೂಗಿ ಹೇಳಿದವನು ನಾನೇ. 80ನೇ ನಿಮಿಷದಲ್ಲಿ ಎಂಬಾಪೆ ಪೆನಾಲ್ಟಿ ಹೊಡೆದ. ಹಜಾರದ ಗದ್ದಲ ಕೇಳಿ ಒಳಗಿಂದ ಅತ್ತಿಗೆ, "ಏನಾಯ್ತು? ಯಾರು ಹೊಡೆದದ್ದು?" ಅಂದರು. ಕಾವಲಿಯ ಮೇಲಿದ್ದ ಒಟ್ಟಿಯನ್ನು ಉರಿಗೆ ಹಿಡಿದು, ಉಬ್ಬಿದ್ದನ್ನು ತೆಗೆದು, ಬಟ್ಟೆ ಹಾಸಿದ ಡಬ್ಬಿಗಿಟ್ಟು, ಕೈ ಒರೆಸಿಕೊಂಡು ಅವರು ಬಾಗಿಲಿಗೆ ಬರುವಷ್ಟರಲ್ಲಿ ಎಂಬಾಪೆಯ ಎರಡನೆಯ ಗೋಲೂ ಆಗಿಹೋಗಿತ್ತು. ಎರಡರ ನಡುವೆ ಇದ್ದದ್ದು 97 ಸೆಕೆಂಡು. ವಿಶ್ವಕಪ್ ಫೈನಲುಗಳ ಚರಿತ್ರೆಯಲ್ಲೇ ದೊಡ್ಡ ತಿರುವುಗಳಲ್ಲೊಂದನ್ನು ಅವರು ರೀಪ್ಲೇಯಲ್ಲಿ ನೋಡಿದರು. ನಮ್ಮ ಮನೆಯಲ್ಲಿ ಮರಡೋನಾ ಕಾಲದಿಂದ ಅರ್ಜೆಂಟೀನಾವನ್ನು ಹಿಡಿದುಕೊಂಡು ಬಂದವರು, ಆಫ್‌ಸೈಡನ್ನು ನನಗಿಂತ ಮೊದಲು ಗುರುತಿಸುವವರು, ಅವರೊಬ್ಬರೇ.

ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಯಿತು. 3–3 ಆಯಿತು. ಪೆನಾಲ್ಟಿ ಶೂಟೌಟ್‌ನಲ್ಲಿ 4–2. ನಾವು ತಟ್ಟೆಯ ಮುಂದೆ ಕೂರುವಾಗ ಹನ್ನೊಂದೂವರೆ ದಾಟಿತ್ತು. ಹತ್ತೂವರೆಗೆಂದು ಮಾಡಿಟ್ಟ ಒಟ್ಟಿಗಳು ಬಟ್ಟೆಯೊಳಗೇ ಬೆವರಿ, ಆಮೇಲೆ ಆರಿ, ತೊಗಲಿನ ಹಾಗೆ ಎಳೆಯುತ್ತಿದ್ದವು. ಯಾರಿಗಾಗಿ ಒಬ್ಬರು ಗೋಲುಗಳನ್ನು ಬಿಟ್ಟುಕೊಟ್ಟರೋ ಅವರಿಗೂ ಬಿಸಿ ಒಟ್ಟಿ ಸಿಗಲಿಲ್ಲ.

ಅಂದಿನಿಂದ ನನಗೊಂದು ತಕರಾರಿದೆ, ಅದನ್ನು ಇಲ್ಲಿ ಪೂರ್ತಿಯಾಗಿ ಮಂಡಿಸುತ್ತೇನೆ. ಮನೆಯಲ್ಲಿ ಹತ್ತು ಜನ ಸೇರಿ ಫುಟ್‌ಬಾಲ್ ನೋಡುವ ರಾತ್ರಿ ಏನು ಉಣ್ಣಬೇಕು, ಏನು ಕುಡಿಯಬೇಕು ಎಂಬ ಬಗ್ಗೆ ಕೊಡಗಿನಲ್ಲಿ ಎರಡು ರೂಢಿಯ ಅಭಿಪ್ರಾಯಗಳಿವೆ. ಒಂದು ತೋಟದ ಮನೆಗಳದ್ದು: ನೆಂಟರು ಬಂದ ಮೇಲೆ ಹಂದಿ ಮಾಂಸದ ಪಂದಿ ಕರಿ, ಬಿಸಿ ಬಿಸಿ ಒಟ್ಟಿ, ಸಂಜೆಯಿಂದಲೇ ಪೆಗ್ಗು, ಟಿವಿ ಇರುವುದೊಂದನ್ನು ಬಿಟ್ಟರೆ ಇದು ಸಮಾರಂಭದ ಊಟವೇ. ಇನ್ನೊಂದು ಪೇಟೆಯದ್ದು, ಬೆಂಗಳೂರಿನಿಂದ ರಜೆಗೆ ಬರುವ ಮಕ್ಕಳು ಹೊತ್ತು ತಂದದ್ದು: ಪಂದ್ಯದ ರಾತ್ರಿ ಪಂದಿ ಕರಿ ಭಾರ, ಕೈಯೆಲ್ಲ ಮಸಾಲೆ, ಚಿಪ್ಸು, ಪಿಜ್ಜಾ, ಕೋಲಾ ಸಾಕು. ಇವೆರಡೂ ಒಂದಕ್ಕೊಂದು ವಿರುದ್ಧ ಎಂದು ನಾವು ತಿಳಿದಿದ್ದೇವೆ. ಆದರೆ ಎರಡೂ ತಿಂಡಿಯ ಗುಣವನ್ನು ನೋಡುತ್ತವೆ: ಭಾರವೋ ಹಗುರವೋ, ನಮ್ಮದೋ ಹೊರಗಿನದೋ. ಆ ರಾತ್ರಿ ಆ ಮನೆಯಲ್ಲಿ ಯಾರು ಯಾರು ಪಂದ್ಯ ನೋಡಿದರು ಎಂದು ಎರಡೂ ಕೇಳುವುದಿಲ್ಲ. ನನ್ನ ಪ್ರಕಾರ ಮಾನದಂಡ ಅದೊಂದೇ.

ಮೊದಲು ಆಟದ ಸ್ವರೂಪವನ್ನೇ ನೋಡೋಣ. ನಮ್ಮ ಅಡುಗೆಮನೆಗಳು ಪಂದ್ಯ ನೋಡುವ ಅಭ್ಯಾಸ ಕಲಿತದ್ದು ಕ್ರಿಕೆಟ್ಟಿನಿಂದ. ಕ್ರಿಕೆಟ್ಟಿನಲ್ಲಿ ಆರು ಚೆಂಡಿಗೊಮ್ಮೆ ಜಾಹೀರಾತು. ಓವರಿನ ನಡುವೆ ಹೋಗಿ ಒಟ್ಟಿ ಮಗುಚಿ ಬರಬಹುದು, ವಿಕೆಟ್ ಬಿದ್ದರೆ ಒಂದು ಲೋಟ ಕಾಫಿ ಸೋಸಬಹುದು. ಹಾಕಿಯಲ್ಲೂ ಈಗ ಹದಿನೈದು ನಿಮಿಷಕ್ಕೊಂದು ಬಿಡುವಿದೆ. ಫುಟ್‌ಬಾಲ್ ಹಾಗಲ್ಲ. 45 ನಿಮಿಷ ಓಡುತ್ತದೆ, 15 ನಿಮಿಷ ನಿಲ್ಲುತ್ತದೆ, ಮತ್ತೆ 45 ನಿಮಿಷ ಓಡುತ್ತದೆ. ಒಂದೂವರೆ ತಾಸಿನಲ್ಲಿ ಆಗುವುದು ಎರಡೋ ಮೂರೋ ಗೋಲು. ಅದು ಯಾವಾಗ ಅಂತ ಯಾರಿಗೂ ಗೊತ್ತಿಲ್ಲ. 2026ರ ವಿಶ್ವಕಪ್ಪಿಗೆ ಪ್ರತಿ ಅರ್ಧದಲ್ಲೂ ನೀರು ಕುಡಿಯಲು 3 ನಿಮಿಷ ಬಿಡುವು ಕೊಡಬೇಕೆಂದು ಫಿಫಾ ತೀರ್ಮಾನಿಸಿತು. ಹಾಗಿದ್ದರೆ ಆಗ ಎದ್ದು ಹೋಗಬಹುದಲ್ಲ ಎಂದು ಯಾರಾದರೂ ಹೇಳಬಹುದು. 3 ನಿಮಿಷದಲ್ಲಿ ಒಂದೂವರೆ ಒಟ್ಟಿ ಬೆಂದೀತು. ಹನ್ನೆರಡು ಮಂದಿಗೆ ಒಟ್ಟಿ ಬೇಯಿಸುವವರಿಗೆ ಅದು ಬಿಡುವಲ್ಲ.

ಇಷ್ಟಾದ ಮೇಲೆ ಪೇಟೆಯವರ ವಾದ ಗೆದ್ದಿತು, ಚಿಪ್ಸೇ ಸರಿ ಎಂದು ಓದುಗರಿಗೆ ಅನಿಸಬಹುದು. ನಾನು ಒಪ್ಪುವುದಿಲ್ಲ. ಪಂದ್ಯದ ರಾತ್ರಿಗೆ ಪಂದಿ ಕರಿಯಷ್ಟು ಹೊಂದುವ ಅಡುಗೆ ನಮ್ಮಲ್ಲಿ ಇನ್ನೊಂದಿಲ್ಲ. ಅದನ್ನು ಸಮಾರಂಭದ ಊಟ ಎಂದು ಹೊಗಳುವವರೂ ಭಾರವೆಂದು ದೂರುವವರೂ ಅದರ ಮುಖ್ಯ ಗುಣವನ್ನೇ ಮರೆತಿದ್ದಾರೆ. ಪಂದಿ ಕರಿ ಕಾಯಬಲ್ಲ ಅಡುಗೆ.

ಇದು ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಪಂದಿ ಕರಿಗೆ ಹಾಕುವ ಕಾಚಂಪುಳಿಯನ್ನು ಬಾಟಲಿಯಲ್ಲಿ ಕೊಳ್ಳುವ ತಲೆಮಾರಿಗೆ ಅದೊಂದು ಕಪ್ಪು ಹುಳಿ, ಅಷ್ಟೇ. ಮಳೆಗಾಲದಲ್ಲಿ ಮರದಡಿ ಬಿದ್ದ ಪಣಪುಳಿಯ ಹಣ್ಣನ್ನು ಬುಟ್ಟಿಯಲ್ಲಿ ಗುಡ್ಡೆ ಹಾಕಿ, ಕೊಳೆಯುತ್ತ ಬಂದ ಹಾಗೆ ತೊಟ್ಟಿಕ್ಕುವ ರಸವನ್ನು ಕೆಳಗಿನ ಪಾತ್ರೆಯಲ್ಲಿ ಹಿಡಿದು, ಗಟ್ಟಿಯಾಗಿ ಕಪ್ಪಾಗುವ ತನಕ ಕುದಿಸಿ ಇಳಿಸಿದರೆ ಅದು ಕಾಚಂಪುಳಿ. ಸರಿಯಾಗಿ ಕುದಿಸಿದ್ದು ವರ್ಷಗಟ್ಟಲೆ ಇರುತ್ತದೆ. ಫ್ರಿಜ್ ಇಲ್ಲದ ಕಾಲದಲ್ಲಿ ಮಾಂಸ ಕೆಡದೆ ಎರಡು ಮೂರು ದಿನ ಉಳಿಯುತ್ತಿದ್ದದ್ದು ಈ ಹುಳಿಯ ಬಲದಿಂದ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಸಾಸಿವೆಯನ್ನು ಕಪ್ಪಾಗುವ ಅಂಚಿನ ತನಕ ಹುರಿದು ಕುಟ್ಟಿದ ಪುಡಿ, ನಿಧಾನ ಉರಿಯಲ್ಲಿ ಕರಗಿದ ಕೊಬ್ಬು, ಕೊನೆಗೆ ಕೆಜಿಗೆ ಒಂದು ದೊಡ್ಡ ಚಮಚದ ಲೆಕ್ಕದಲ್ಲಿ ಕಾಚಂಪುಳಿ. ಹಳೆಯ ಹುಳಿಯಾದರೆ ಇನ್ನೂ ಕಡಿಮೆ. ಮಾಡಿದ ದಿನ ಹುಳಿ ಒಂದು ಕಡೆ, ಖಾರ ಒಂದು ಕಡೆ ನಿಂತಿರುತ್ತವೆ. ಮರುದಿನ ಬಿಸಿ ಮಾಡಿದಾಗಲೇ ಎರಡೂ ತುಂಡಿನ ಒಳಗೆ ಇಳಿದಿರುತ್ತವೆ. ಇದು ನನ್ನ ಒಬ್ಬನ ರುಚಿಯಲ್ಲ. ಹಬ್ಬದ ಮರುದಿನ ಪಾತ್ರೆಯ ತಳ ಕೆರೆಯಲು ಯಾರು ಮೊದಲು ಏಳುತ್ತಾರೆ ಎಂಬುದನ್ನು ನೋಡಿದ ಎಲ್ಲರಿಗೂ ಗೊತ್ತು.

ಹಾಗಾಗಿ ಭಾನುವಾರ ರಾತ್ರಿಯ ಪಂದ್ಯಕ್ಕೆ ಪಂದಿ ಕರಿ ಆಗಬೇಕಾದದ್ದು ಶನಿವಾರ ಸಂಜೆ. ಹನ್ನೆರಡು ಮಂದಿಗೆ 3 ಕೆಜಿ ಮಾಂಸ, ಚರ್ಮ ಕೊಬ್ಬು ಸೇರಿ. ತುಂಡು ಸಾಮಾನ್ಯಕ್ಕಿಂತ ಸಣ್ಣದಿರಲಿ, ಒಂದೇ ಬಾಯಿಗೆ ಹೋಗುವಷ್ಟು. ರಸ ಕೂಡ ಸಾಮಾನ್ಯಕ್ಕಿಂತ ಗಟ್ಟಿಯಿರಲಿ, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ತಿನ್ನುವವರ ಬಟ್ಟೆಗೆ ಚೆಲ್ಲದ ಹಾಗೆ. ಕೈಗೆ ಮಸಾಲೆ ಅಂಟುತ್ತದೆ ಎಂಬ ದೂರಿಗೆ ಇಷ್ಟೇ ಸಾಕು. ಚಿಪ್ಸಿನ ಪರವಾಗಿ ಹೇಳುವ ಒಂದೇ ಗಟ್ಟಿ ವಾದ, ಅದಕ್ಕೆ ಯಾರೂ ಒಲೆಯ ಮುಂದೆ ನಿಲ್ಲಬೇಕಿಲ್ಲ ಎಂಬುದು. ನಿನ್ನೆ ಆದ ಪಂದಿ ಕರಿಗೂ ನಿಲ್ಲಬೇಕಿಲ್ಲ. ಚಿಪ್ಸು ತಿಂದು ಹನ್ನೊಂದು ಗಂಟೆಗೆ ಮತ್ತೆ ಹಸಿವಾಗಿ "ಅನ್ನಕ್ಕಿಡ್ತೀರಾ ಅಕ್ಕ" ಎನ್ನುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಆಗ ಒಲೆಯ ಮುಂದೆ ಹೋಗುವವರು ಮತ್ತೆ ಅದೇ ಅಕ್ಕ.

ಅಂದರೆ ತಪ್ಪು ಪಂದಿ ಕರಿಯದ್ದಲ್ಲ, ಜೊತೆಗೆ ಬರುವ ಅಕ್ಕಿ ಒಟ್ಟಿಯದ್ದು. ಅನ್ನವನ್ನು ಅಕ್ಕಿ ಹಿಟ್ಟಿನೊಂದಿಗೆ ನಾದಿ, ತಟ್ಟಿ, ಕಾವಲಿಯಲ್ಲಿ ಬೇಯಿಸಿ, ಉರಿಯ ಮೇಲೆ ಉಬ್ಬಿಸಿದ ಒಟ್ಟಿಗೆ ಆಯುಸ್ಸು ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ಅದರ ಸಮಾನ ಯಾವುದೂ ಇಲ್ಲ, ನಾನೂ ಅದರ ಭಕ್ತನೇ. ಆದರೆ ಉಣ್ಣುವವರು ಒಬ್ಬೊಬ್ಬರಾಗಿ ಬರುವ, ಬೇಯಿಸುವವರು ನಿಂತೇ ಇರುವ ಬೆಳಗಿನ ಅಡುಗೆ ಅದು. ದೊಡ್ಡ ಸಮಾರಂಭಗಳಲ್ಲಿ ಪಂದಿ ಕರಿಯ ಜೊತೆಗೆ ಬರುವುದು ಕಡಂಬುಟ್ಟು ಎಂಬುದನ್ನು ನೆನಪಿಸಿಕೊಳ್ಳಿ. ನೂರಾರು ಜನಕ್ಕೆ ಅಡುಗೆ ಮಾಡುವವರಿಗೆ ಈ ಸತ್ಯ ಎಂದೋ ಗೊತ್ತಿದೆ. ಒಂದು ಅಳತೆ ಅಕ್ಕಿ ತರಿಗೆ ಎರಡು ಅಳತೆ ನೀರು, ಬೆಂದ ಹಿಟ್ಟನ್ನು ಬಿಸಿಯಿರುವಾಗಲೇ ನಾದಿ ಉಂಡೆ ಕಟ್ಟುವುದು, ಆಮೇಲೆ ಹಬೆ. ಮುಕ್ಕಾಲು ಕೆಜಿ ತರಿಗೆ ಐವತ್ತರ ಹತ್ತಿರ ಉಂಡೆ; ತಲೆಗೆ ನಾಲ್ಕು. ಪಂದ್ಯ ಶುರುವಾಗುವ ಅರ್ಧ ಗಂಟೆ ಮೊದಲು ಹಬೆ ಪಾತ್ರೆಯ ಕೆಳಗಿನ ಉರಿ ಆರಿಸಿ ಮುಚ್ಚಳ ತೆಗೆಯದೆ ಬಿಟ್ಟರೆ ವಿರಾಮದ ಹೊತ್ತಿಗೂ ಅದು ಮೆತ್ತಗೆ, ಬೆಚ್ಚಗೆ ಇರುತ್ತದೆ. ಹಜಾರದ ಮೂಲೆಯ ಮೇಜಿನ ಮೇಲೆ ಎರಡು ಪಾತ್ರೆ, ಎರಡು ಸೌಟು, ತಟ್ಟೆಗಳ ರಾಶಿ. ಯಾರೂ ಯಾರಿಗೂ ಬಡಿಸುವುದಿಲ್ಲ. ಹದಿನೈದು ನಿಮಿಷದಲ್ಲಿ ಹನ್ನೆರಡು ಜನ ತಟ್ಟೆ ತುಂಬಿಸಿಕೊಂಡು, ಮೂತ್ರಕ್ಕೂ ಹೋಗಿ ಬಂದು, ಎರಡನೆಯ ಅರ್ಧಕ್ಕೆ ಕೂರಬಹುದು. ನಾವು ಆಮೇಲೆ ಹೀಗೇ ಮಾಡಿ ನೋಡಿದ್ದೇವೆ.

ಇದಕ್ಕೆ ಬರುವ ಆಕ್ಷೇಪಣೆ ಹಗುರವಾದದ್ದಲ್ಲ. ಬಂದವರಿಗೆ ಒಲೆಯಿಂದ ನೇರ ತಟ್ಟೆಗೆ ಹಾಕುವುದು ನಮ್ಮಲ್ಲಿ ಮರ್ಯಾದೆ. ಆರಿದ್ದನ್ನು ಮೇಜಿನ ಮೇಲಿಟ್ಟು ನೀವೇ ಹಾಕಿಕೊಳ್ಳಿ ಅನ್ನುವುದು ಹೋಟೆಲಿನ ರೀತಿ. ನನ್ನ ತಾಯಿ ಇದ್ದಿದ್ದರೆ ಇದೇ ಮಾತು ಹೇಳುತ್ತಿದ್ದರು, ಹೇಳುವ ಹಕ್ಕೂ ಅವರಿಗಿತ್ತು. ಆದರೆ ಆ ಮರ್ಯಾದೆ ಹುಟ್ಟಿದ್ದು ಬಂದವರು ಊಟಕ್ಕೆಂದೇ ಬಂದ ಸಂದರ್ಭದಲ್ಲಿ. ಪಂದ್ಯದ ರಾತ್ರಿ ಬಂದವರು ಪಂದ್ಯಕ್ಕೆ ಬಂದಿದ್ದಾರೆ. ಅವರ ಜೊತೆ ಕೂತು, ಅವರ ಜೊತೆ ಕೂಗಿ, ರೆಫರಿಯ ತೀರ್ಪಿನ ಬಗ್ಗೆ ಅವರ ಜೊತೆ ಜಗಳ ಆಡುವುದೇ ಆತಿಥ್ಯ. ಮನೆಯವರು ಒಳಗೆ, ನೆಂಟರು ಹೊರಗೆ ಇದ್ದು ಬಿಸಿ ಒಟ್ಟಿ ಮಾತ್ರ ನಡುವೆ ಓಡಾಡುತ್ತಿದ್ದರೆ ನೆಂಟರ ಜೊತೆ ಯಾರಿದ್ದ ಹಾಗಾಯಿತು?

ಕೊಡಗಿನವರಿಗೆ ಈ ಮಾತು ಚುಚ್ಚಬೇಕು, ಯಾಕೆಂದರೆ ಆಟದ ವಿಷಯದಲ್ಲಿ ಈ ನೆಲಕ್ಕೆ ಬೇರೆ ಪರಂಪರೆ ಇದೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿಯಲ್ಲಿ ಒಂದೇ ಮನೆತನದ ತಂಡದಲ್ಲಿ ಗಂಡಸರ ಜೊತೆ ಹೆಂಗಸರೂ ಸ್ಟಿಕ್ ಹಿಡಿದು ಆಡುತ್ತಾರೆ. ಸೊಸೆ ರೈಟ್ ವಿಂಗಿನಲ್ಲಿ ಓಡುವುದನ್ನು ಮಾವ ಸೈಡ್‌ಲೈನಿನಲ್ಲಿ ನಿಂತು ನೋಡುವ ಊರು ಇದು. ಅದೇ ಸೊಸೆಯನ್ನು ವಿಶ್ವಕಪ್ಪಿನ ರಾತ್ರಿ ಒಟ್ಟಿ ಬೇಯಿಸಲು ಕಳಿಸುವುದಕ್ಕೆ ನಮ್ಮ ಬಳಿ ಯಾವ ಸಮರ್ಥನೆಯೂ ಇಲ್ಲ. ನನ್ನ ಬಳಿಯೂ ಇರಲಿಲ್ಲ.

ಈ ಪಾಠವನ್ನು ನಾನು 2014ರಲ್ಲೇ ಕಲಿಯಬಹುದಿತ್ತು. ಆ ವರ್ಷ ಬ್ರೆಜಿಲ್ ಮತ್ತು ಜರ್ಮನಿಯ ಸೆಮಿಫೈನಲ್ ನಮ್ಮ ಗಡಿಯಾರಕ್ಕೆ ಜುಲೈ 9ರ ನಡುರಾತ್ರಿ ಒಂದೂವರೆಗೆ. ರಮಜಾನ್ ತಿಂಗಳು. ನಮ್ಮಲ್ಲಿ ಗಾಳಿಗೆ ಕರೆಂಟು ಹೋಗಿ ಎರಡು ದಿನವಾಗಿತ್ತು. ಸಿದ್ದಾಪುರದ ಕಡೆ ಇರುವ, ನಾವು ಇಕ್ಕ ಎಂದು ಕರೆಯುವ ಪರಿಚಯದವರ ಮನೆಯಲ್ಲಿ ಇನ್ವರ್ಟರ್ ಇದೆಯೆಂದು ನಾವು ಮೂವರು ಅಲ್ಲಿಗೆ ಹೋದೆವು. ಮನೆಯ ಉಮ್ಮ ಟಿವಿಗೆ ನೇರ ಎದುರಿನ ಕುರ್ಚಿಯಲ್ಲಿ, ಬ್ರೆಜಿಲಿನ ಪಕ್ಷ. ಸೊಸೆಯಂದಿರು ಒಳಬಾಗಿಲ ಬಳಿ ಚಾಪೆ ಹಾಸಿಕೊಂಡು. ಅಡುಗೆಮನೆಯ ದೀಪ ಆರಿತ್ತು. ಸಹರಿಗೆ, ಅಂದರೆ ಉಪವಾಸಕ್ಕೆ ಮುಂಚಿನ ನಸುಕಿನ ಊಟಕ್ಕೆ, ಬೇಕಾದ ಕೋಳಿ ಸಾರು ಮತ್ತು ಪತ್ತಿರಿ ಹನ್ನೊಂದು ಗಂಟೆಗೇ ಆಗಿ ಮುಚ್ಚಿಟ್ಟಿದ್ದರು. ಜರ್ಮನಿ 23ನೇ ನಿಮಿಷದಿಂದ 29ನೇ ನಿಮಿಷದೊಳಗೆ ನಾಲ್ಕು ಗೋಲು ಹೊಡೆಯಿತು. ಮೂರು ಒಟ್ಟಿ ಬೇಯುವಷ್ಟು ಹೊತ್ತು. ಆ ನಾಲ್ಕನ್ನೂ ಆ ಮನೆಯ ಪ್ರತಿಯೊಬ್ಬರೂ ನೋಡಿದರು. 7–1ಕ್ಕೆ ಮುಗಿದಾಗ ಗಂಟೆ ಮೂರು ದಾಟಿತ್ತು, ಸಹರಿಗೆ ಸರಿಯಾದ ಹೊತ್ತು. ಉಮ್ಮ ಒಂದು ಮಾತೂ ಆಡದೆ ಎದ್ದು ಕೈ ತೊಳೆಯಲು ಹೋದರು.

ನಾನು ಆ ರಾತ್ರಿ ಗಮನಿಸಿದ್ದು ಪತ್ತಿರಿಯನ್ನು. ಅದೂ ಅಕ್ಕಿಯ ರೊಟ್ಟಿಯೇ, ನಮ್ಮ ಒಟ್ಟಿಯ ಹತ್ತಿರದ ನೆಂಟ. ಆದರೆ ತೆಳ್ಳಗೆ ಲಟ್ಟಿಸಿ, ಬೆಂದ ಮೇಲೆ ಒಂದೊಂದಕ್ಕೂ ತೆಂಗಿನ ಹಾಲು ಸವರಿ ಒಂದರ ಮೇಲೊಂದು ಪೇರಿಸಿದ್ದರು. ನಾಲ್ಕು ತಾಸಿನ ಮೇಲೂ ಅಂಗೈಯಲ್ಲಿ ಮಡಚಿದರೆ ಮುರಿಯಲಿಲ್ಲ. ನಸುಕಿನಲ್ಲೆದ್ದು ಒಲೆ ಹಚ್ಚದೆ ಉಣ್ಣಬೇಕಾದ ಒಂದು ತಿಂಗಳ ಶಿಸ್ತು ಆ ಅಡುಗೆಗೆ ಕಾಯುವುದನ್ನು ಕಲಿಸಿತ್ತು. ಬೇಲಿಯ ಆಚೆ ಸಿದ್ಧವಾಗಿದ್ದ ಉತ್ತರವನ್ನು ಕಣ್ಣಾರೆ ಕಂಡು, ಕೈಯಾರೆ ತಿಂದು, ಎಂಟು ವರ್ಷದ ಮೇಲೆ ನಮ್ಮ ಮನೆಯಲ್ಲಿ ನಾನು ಮತ್ತೆ ಅದೇ ತಪ್ಪು ಮಾಡಿದೆ.

ಇದರಿಂದ ನನ್ನ ಎರಡನೆಯ ತಕರಾರಿಗೆ ಬರುತ್ತೇನೆ, ಅದು ಮೊದಲಿನದಕ್ಕಿಂತ ಗಂಭೀರವಾದದ್ದು. "ಪಂದಿ ಕರಿ ಇಲ್ಲದೆ ಪಾರ್ಟಿ ಇಲ್ಲ" ಎಂದು ಹೇಳುವಾಗ ನಾವು ಕೊಡಗಿನ ಫುಟ್‌ಬಾಲನ್ನು ಕಟ್ಟಿದವರಲ್ಲಿ ಬಹಳ ಜನರನ್ನು ಮೇಜಿನಿಂದ ಎಬ್ಬಿಸುತ್ತಿದ್ದೇವೆ. ಕೊಡಗು ಅಂದರೆ ಹಾಕಿ ಎಂಬ ಮಾತು ನಿಜ, ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಅವರ ನೆಲಕ್ಕೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಈ ಜಿಲ್ಲೆಯಲ್ಲಿ ಫುಟ್‌ಬಾಲಿಗೂ ಒಂದು ಭೂಪಟ ಇದೆ. ಸುಂಟಿಕೊಪ್ಪದ ಡಿ. ಶಿವಪ್ಪ ಸ್ಮಾರಕ ಗೋಲ್ಡ್ ಕಪ್ಪಿಗೆ ಸೇರುವ ಜನ ಅದನ್ನು ತೋರಿಸುತ್ತಾರೆ. ವಿರಾಜಪೇಟೆ, ಸಿದ್ದಾಪುರಗಳ ಪೇಟೆಬೀದಿಗಳಲ್ಲಿ, ತೋಟದ ಲೈನ್‌ಮನೆಗಳ ನಡುವಿನ ಬಯಲುಗಳಲ್ಲಿ, ಕಣ್ಣೂರು ವಯನಾಡಿನ ಜೊತೆ ನೆಂಟಸ್ತಿಕೆ ವ್ಯಾಪಾರ ಎರಡೂ ಇರುವ ಮಲಯಾಳಿ ಮತ್ತು ಮಾಪಿಳ್ಳೆ ಕುಟುಂಬಗಳಲ್ಲಿ ಈ ಆಟ ಬೆಳೆದಿದೆ. 2022ರಲ್ಲಿ ಕೋಯಿಕ್ಕೋಡಿನ ಪುಳ್ಳಾವೂರಿನ ಹೊಳೆಯಲ್ಲಿ ಮೆಸ್ಸಿ, ನೇಮಾರರ ಆಳೆತ್ತರವನ್ನು ಮೀರಿದ ಕಟೌಟುಗಳು ಎದ್ದಾಗ ಅದರ ಜ್ವರ ಮಾಕುಟ್ಟ ಘಾಟಿ ಹತ್ತಿ ಇಲ್ಲಿಗೂ ಬಂದಿತ್ತು. ಅದೇ ವಿಶ್ವಕಪ್ಪಿನಲ್ಲಿ ಮೊರಾಕ್ಕೊ ಸೆಮಿಫೈನಲ್ ತಲುಪಿದ ಮೊದಲ ಆಫ್ರಿಕನ್ ತಂಡವಾಯಿತು. ಆ ಪಂದ್ಯವನ್ನು ಯಾರ ಜೊತೆ ಕೂತು ನೋಡಿದರೆ ಅದರ ತೂಕ ತಿಳಿಯುತ್ತದೆ? ನನ್ನ ಹಜಾರದಲ್ಲಿ ಅಂದು ಆ ಮಾಪಿಳ್ಳೆ ಮನೆಗಳವರು ಯಾರೂ ಇರಲಿಲ್ಲ. ಕರೆದಿದ್ದೆ. ಬಂದಿರಲಿಲ್ಲ. ಯಾಕೆ ಬರಲಿಲ್ಲ ಎಂದು ಕೇಳುವ ಮೊದಲು ನನ್ನ ಮೇಜಿನ ಮೇಲೆ ಏನಿತ್ತು ಎಂದು ನೋಡಿಕೊಳ್ಳಬೇಕಿತ್ತು.

ಇಲ್ಲಿ ಒಂದು ಸುಲಭದ ಪ್ರತಿವಾದ ಇದೆ: ಅವರಿಗೆ ಬೇರೆ ಏನಾದರೂ ಇಟ್ಟರಾಯಿತು. ಆ "ಬೇರೆ ಏನಾದರೂ" ಎಂಬುದರಲ್ಲೇ ತೊಂದರೆ. ಮೇಜಿನ ತುದಿಯಲ್ಲಿ ಒಂದು ಬಟ್ಟಲು ನೇಂದ್ರ ಚಿಪ್ಸು ಇಟ್ಟು ಅದು ನಿಮಗೆ ಅಂದರೆ ಯಾರೂ ಎರಡನೆಯ ಸಲ ಬರುವುದಿಲ್ಲ. ನನ್ನ ಅಭಿಪ್ರಾಯ ಇದು: ಮೇಜಿನ ನಡುವೆ ಇರಬೇಕಾದದ್ದು ಎಲ್ಲರೂ ತಿನ್ನಬಲ್ಲದ್ದು, ಪಂದಿ ಕರಿ ಇರುವುದಾದರೆ ಅದು ಪಕ್ಕದ ಮೇಜಿಗೆ. ಹಲಾಲ್ ಅಂಗಡಿಯಿಂದ ತಂದ ಕೋಳಿ, ಕಾಳುಮೆಣಸು ಹೆಚ್ಚು ಹಾಕಿದ ಕೋಳಿ ಬರ್ತದ್, ಹಂದಿ ಬೇಯದ ಪಾತ್ರೆಯಲ್ಲಿ, ಅದಕ್ಕೇ ಮೀಸಲಾದ ಸೌಟಿನೊಂದಿಗೆ. ಕೆಲವರು ಹಂದಿ ಬೇಯುವ ಮನೆಯ ಮಾಂಸ ಮುಟ್ಟುವುದೇ ಇಲ್ಲ. ಅದನ್ನು ಮೊದಲೇ ಕೇಳಿ ತಿಳಿದುಕೊಳ್ಳುವುದರಲ್ಲಿ ಸಂಕೋಚ ಬೇಡ, ಕೇಳಿಸಿಕೊಳ್ಳುವವರಿಗೆ ಅದರಿಂದ ಸಂತೋಷವೇ ಆಗುತ್ತದೆ. ಮಳೆಗಾಲವಾದರೆ ಬೈಂಬಳೆ ಕರಿ ಇದೆ. ಕಣಿಲೆಯನ್ನು ಹೆಚ್ಚಿ ಎರಡು ಮೂರು ದಿನ ನೀರಿನಲ್ಲಿಟ್ಟು ದಿನಾ ನೀರು ಬದಲಿಸಬೇಕಾದ್ದರಿಂದ ಅದನ್ನು ಪಂದ್ಯದ ಹೊತ್ತಿಗೆ ಮಾಡುತ್ತ ಕೂರಲು ಸಾಧ್ಯವೇ ಇಲ್ಲ. ನನ್ನ ವಾದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ತೆಂಗಿನತುರಿ ಹಾಲು ಸೇರಿದ ಪಾಪುಟ್ಟನ್ನು ತಟ್ಟೆಯಲ್ಲಿ ಹಬೆಗಿಟ್ಟು ತುಂಡು ಮಾಡಿಟ್ಟರೆ ಮಕ್ಕಳೂ ಕೈಯಲ್ಲಿ ಹಿಡಿದು ಓಡಾಡಿಕೊಂಡು ತಿನ್ನುತ್ತಾರೆ. ಡಿಸೆಂಬರಾದರೆ ಕಿತ್ತಳೆ. ಮೈದಾನದಲ್ಲಿ ವಿರಾಮದ ಹೊತ್ತಿಗೆ ಆಟಗಾರರಿಗೆ ಕಿತ್ತಳೆ ಹಂಚುವ ಹಳೆಯ ಪದ್ಧತಿ ನೋಡುವವರಿಗೂ ಸಲ್ಲುತ್ತದೆ.

ಕುಡಿಯುವುದರ ಬಗ್ಗೆ ಬರೆಯುವಾಗ ನಾನು ಮದ್ಯವಿರೋಧಿಯಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಗತಿಸಿದ ಹಿರಿಯರಾದ ಕಾರಣವರಿಗೂ ಎಡೆಯಲ್ಲಿ ಸಾರಾಯಿ ಇಡುವ ನಾಡಿನಲ್ಲಿ ಅದರ ಬಗ್ಗೆ ಉಪದೇಶ ಮಾಡುವ ಆಸೆ ನನಗಿಲ್ಲ. ನನ್ನ ಆಕ್ಷೇಪಣೆ ಟೈಮಿಂಗಿನ ಬಗ್ಗೆ. ಸಂಜೆ ಏಳಕ್ಕೆ ಮೊದಲ ಪೆಗ್ಗು ಎಂಬುದು ಒಂಬತ್ತಕ್ಕೆ ಉಂಡು ಮಲಗುವ ಸಮಾರಂಭದ ಲಯ. ಪಂದ್ಯ ಹನ್ನೆರಡೂವರೆಗೆ ಶುರುವಾಗುವುದಾದರೆ ಏಳಕ್ಕೆ ಆರಂಭಿಸಿದವನು ಅರವತ್ತನೇ ನಿಮಿಷಕ್ಕೆ ಸೋಫಾದಲ್ಲಿ ಗೊರಕೆ ಹೊಡೆಯುತ್ತಿರುತ್ತಾನೆ. ಅವನೂ ಪಂದ್ಯ ನೋಡದವರ ಲೆಕ್ಕಕ್ಕೇ ಸೇರಿದ. ಕತಾರಿನಲ್ಲಿ ವಿಶ್ವಕಪ್ಪು ಶುರುವಾಗಲು ಎರಡು ದಿನವಿರುವಾಗ ಕ್ರೀಡಾಂಗಣಗಳಲ್ಲಿ ಬಿಯರ್ ಮಾರಾಟ ನಿಲ್ಲಿಸಿದರು. ಇನ್ನು ಕಳೆಯೇ ಇರುವುದಿಲ್ಲ ಎಂದು ಬಹಳ ಮಂದಿ ಬರೆದರು. ಆಮೇಲೆ ನಡೆದ ಫೈನಲ್ ಎಂಥದ್ದಾಗಿತ್ತು ಎಂದು ಮೇಲೆ ಹೇಳಿದ್ದೇನೆ. ಕುಡಿಯುವವರು ಮೊದಲ ಅರ್ಧದಲ್ಲಿ ಒಂದು, ಎರಡನೆಯದರಲ್ಲಿ ಒಂದು ಎಂದಿಟ್ಟುಕೊಂಡರೆ ಯಾರಿಗೂ ನಷ್ಟವಿಲ್ಲ. ಮನೆಯಲ್ಲಿ ಮಾಡಿದ ವೈನು ಸಿಹಿ, ಬಾಯಿ ಒಣಗಿಸುತ್ತದೆ. ಅದು ಪಂದಿ ಕರಿಯ ಹುಳಿಯ ಜೊತೆ ಹೊಂದುವುದೂ ಇಲ್ಲ, ಯಾರು ಏನೇ ಹೇಳಲಿ.

ನನಗೆ ನಿಜವಾಗಿ ಬೇಸರ ತರುವುದು ಕೋಲಾ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬೆಳೆಯುವ ಜಿಲ್ಲೆಯ ಮನೆಗಳಲ್ಲಿ, ಕಾಫಿ ಗಿಡದ ನಡುವೆ ಕೂತು, ನಿದ್ದೆಗೆಡಬೇಕಾದ ರಾತ್ರಿ ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿ ತೆರೆಯುವುದು ಯಾವ ನ್ಯಾಯ? ಬೆಲ್ಲ ಕಾಫಿ ಮಾಡಿ ಎರಡು ದೊಡ್ಡ ಫ್ಲಾಸ್ಕಿಗೆ ತುಂಬಿಸಿಡಬೇಕು. ಹಾಲು ಹಾಕಿದ ಕಾಫಿ ಫ್ಲಾಸ್ಕಿನಲ್ಲಿ ಕೆಡುತ್ತದೆ. ಬೆಲ್ಲದ ಕಪ್ಪು ಕಾಫಿ, ಒಂದಿಷ್ಟು ಕುಟ್ಟಿದ ಕಾಳುಮೆಣಸು ಬಿದ್ದದ್ದು, ನಾಲ್ಕು ತಾಸು ಹಾಗೇ ಇರುತ್ತದೆ. ಇದೂ ಕಾಯಬಲ್ಲದ್ದು. ಮಕ್ಕಳಿಗೆ ಪ್ಯಾಷನ್ ಫ್ರೂಟಿನ ಪಾನಕ.

ಇನ್ನೊಂದು ವಿಷಯವನ್ನು ಪೇಟೆಯ ಸಲಹೆಗಳು ಮುಟ್ಟುವುದೇ ಇಲ್ಲ, ಯಾಕೆಂದರೆ ಅವು ಆಟೋ ಸಿಗುವ ಊರುಗಳಲ್ಲಿ ಹುಟ್ಟಿದವು. 2026ರ ವಿಶ್ವಕಪ್ ಜೂನ್ 11ರಿಂದ ಜುಲೈ 19. ಅಮೆರಿಕ, ಕೆನಡಾ, ಮೆಕ್ಸಿಕೊಗಳಲ್ಲಿ ನಡೆಯುವ ಪಂದ್ಯಗಳು ಹೆಚ್ಚಿನವು ನಮಗೆ ನಡುರಾತ್ರಿ ಇಲ್ಲವೇ ನಸುಕಿಗೆ. ಫೈನಲ್ ಇಲ್ಲಿನ ಗಡಿಯಾರಕ್ಕೆ ಜುಲೈ 20ರ ರಾತ್ರಿ ಹನ್ನೆರಡೂವರೆ. ಕಕ್ಕಡ ತಿಂಗಳು ಹುಟ್ಟಿರುವ ಮಳೆಯ ಕಾಲ. ಮರ ಬಿದ್ದು ಲೈನು ಹೋಗುತ್ತದೆ, ಮಳೆ ಜೋರಾದರೆ ಡಿಶ್ಶಿನ ಸಿಗ್ನಲ್ ಹೋಗುತ್ತದೆ, ಆದ್ದರಿಂದ ಕರೆಂಟನ್ನು ನಂಬಿದ ಯಾವ ಅಡುಗೆಯನ್ನೂ, ಮೈಕ್ರೋವೇವಿನಲ್ಲಿ ಬಿಸಿ ಮಾಡುವ ಯಾವುದನ್ನೂ ಪಟ್ಟಿಗೆ ಸೇರಿಸಬಾರದು. ಅದಕ್ಕಿಂತ ದೊಡ್ಡದು ಆನೆ. ಅಮ್ಮತ್ತಿ, ಸಿದ್ದಾಪುರ, ಮಾಲ್ದಾರೆ ಕಡೆ ರಾತ್ರಿ ಎರಡೂವರೆಗೆ ಯಾರನ್ನೂ ತೋಟದ ದಾರಿಯಲ್ಲಿ ಮನೆಗೆ ಕಳಿಸುವ ಹಾಗಿಲ್ಲ, ಬೈಕಿನಲ್ಲಂತೂ ಇಲ್ಲವೇ ಇಲ್ಲ. ಪಂದ್ಯ ಮುಗಿದರೂ ನೆಂಟರು ಮುಗಿಯುವುದಿಲ್ಲ. ಹನ್ನೆರಡು ಚಾಪೆ, ಹನ್ನೆರಡು ಕಂಬಳಿ ಬೇಕು. ಬೆಳಗಿನ ತಿಂಡಿಯೂ ಪಂದ್ಯದ ಅಡುಗೆಯ ಲೆಕ್ಕದೊಳಗೇ ಬರಬೇಕು. ನಾನು ಓದಿದ ಯಾವ ಪಟ್ಟಿಯಲ್ಲೂ ಬೆಳಗಿನ ತಿಂಡಿ ಇರಲಿಲ್ಲ.

ಮತ್ತು ಅಲ್ಲಿಗೆ, ನಾನು ಇಷ್ಟು ಹೊತ್ತು ಬೈದ ಒಟ್ಟಿ ತನ್ನ ಜಾಗಕ್ಕೆ ಬರುತ್ತದೆ. ಬೆಳಕು ಹರಿದು, ಕಾವಲಿನವನು ಬಂದು ಆನೆ ಹೊಳೆ ದಾಟಿತು ಎಂದು ಹೇಳಿದ ಮೇಲೆ, ಒಬ್ಬೊಬ್ಬರೇ ಕಣ್ಣುಜ್ಜಿಕೊಂಡು ಏಳುವ ಹೊತ್ತು. ರಾತ್ರಿಯ ಅನ್ನವನ್ನು ಹಿಟ್ಟಿನ ಜೊತೆ ನಾದಿ ಒಟ್ಟಿ ತಟ್ಟಲು ಅದು ಸರಿಯಾದ ಸಮಯ. ಪಂದಿ ಕರಿಯ ತಳ ಇನ್ನೂ ಇದೆ, ಕೋಳಿ ಬರ್ತದ್ ಇದೆ, ಎಳ್ಳು ಪಜ್ಜಿ ಅರೆಯಬಹುದು. ಈಗ ಒಲೆಯ ಮುಂದೆ ನಿಂತವರಿಗೆ ತಪ್ಪಿಹೋಗುವಂಥದ್ದು ಏನೂ ಇಲ್ಲ, ಒಂದೊಂದೇ ಬಿಸಿಯಾಗಿ ಬರಲಿ. ಮುಂದಿನ ಫೈನಲಿಗೆ ಆ ಕಾವಲಿಯ ಮುಂದೆ ನಿಲ್ಲುವವನು ನಾನು ಎಂದು ಅತ್ತಿಗೆಗೆ ಹೇಳಿದ್ದೇನೆ. ಹಿಟ್ಟು ನಾದುವಾಗ ನೀರು ಕಡಿಮೆಯಿರಲಿ, ನಿನ್ನ ಒಟ್ಟಿ ಯಾವಾಗಲೂ ಅಂಚು ಒಡೆಯುತ್ತದೆ, ಅಂದರು.